ಬೇವಿನ ಗಿಡದಿಂದ ಈಚೆಗಿನ ದಾರಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವುದರಲ್ಲಿ ಅರ್ಧ ಪಾಲು ನನ್ನ ಬೈಗುಳವೇ ಇದೆ. ಮದುವೆಯಾಗಿ ಈ ಮನೆಗೆ ಬಂದ ಮೂರನೆಯ ದಿನಕ್ಕೇ ನನ್ನ ಅತ್ತೆ, "ಈ ಹುಡಿಗಿ ಬಾಯಿ ಮುಚ್ಚಿದ ದಿನ ನಾ ಊರಿಗೆ ಸಕ್ಕರಿ ಹಂಚತೇನಿ," ಎಂದಿದ್ದರಂತೆ. ಅತ್ತೆ ಹೋಗಿ ಹತ್ತು ವರ್ಷದ ಮೇಲಾಯಿತು. ಸಕ್ಕರೆ ಹಂಚುವ ಪ್ರಸಂಗ ಅವರ ಕಾಲದಲ್ಲಿ ಬರಲೇ ಇಲ್ಲ.

ನಮ್ಮದು ಹೊಲದಲ್ಲಿನ ಮನೆ. ಬೈಲಹೊಂಗಲದಿಂದ ಸಂಪಗಾಂವದ ಕಡೆ ಹೋಗುವಾಗ ಡಾಂಬರು ಬಿಟ್ಟು ಬಲಕ್ಕೆ ಹೊರಳಿದರೆ ಒಂದು ಕಚ್ಚಾ ದಾರಿ ಸಿಗುತ್ತದೆ. ಅದರ ಅರ್ಧಕ್ಕೆ ಒಂದು ದೊಡ್ಡ ಬೇವಿನ ಗಿಡ. ಡಾಂಬರಿನಿಂದ ಬೇವಿನ ಗಿಡದವರೆಗೆ ಪಂಚಾಯತಿಯ ದಾರಿ. ಅವರು ಖಡಿ ಹಾಕಿ ರೋಲರ್ ಹೊಡೆಸಿದ್ದಾರೆ, ಮಳೆಗಾಲದಲ್ಲೂ ಗಟ್ಟಿಯಾಗಿರುತ್ತದೆ. ಬೇವಿನ ಗಿಡದಿಂದ ಈಚೆಗೆ, ನಮ್ಮ ಅಂಗಳದ ತನಕ ಇರುವುದು ಬಂಡಿ ದಾರಿ. ಅದಕ್ಕೆ ಹತ್ತಿಕೊಂಡು ಆರು ಮನೆಯವರ ಹೊಲಗಳಿವೆ. ನಮ್ಮದೇ ಕೊನೆಯ ಮನೆ. ಕಬ್ಬು ಸಾಗಿಸುವಾಗ, ಸೋಯಾಬೀನ್ ಹೇರುವಾಗ ಆರೂ ಮನೆಯವರು ಅದನ್ನು ನಮ್ಮ ದಾರಿ ಎನ್ನುತ್ತಾರೆ. ಅದು ಕೆಟ್ಟಾಗ ಮಾತ್ರ ಆರೂ ಮನೆಯವರು ಪಂಚಾಯತಿಯ ಕಡೆ ಬೊಟ್ಟು ಮಾಡುತ್ತಾರೆ.

ಹಿಂದೆ ಹೀಗಿರಲಿಲ್ಲವಂತೆ. ರೋಹಿಣಿ ಮಳೆಗೆ ಮುಂಚೆ ಒಬ್ಬೊಬ್ಬರೂ ಬಂಡಿ ಹೂಡಿಕೊಂಡು ಗುಡ್ಡಕ್ಕೆ ಹೋಗಿ, ಹರಳು ಹರಳಾದ ಕೆಂಪು ಗರಸು ತುಂಬಿಕೊಂಡು ಬಂದು, ತಮ್ಮ ತಮ್ಮ ಹೊಲದ ಮುಂದಿನ ದಾರಿಗೆ ಹಾಕುತ್ತಿದ್ದರಂತೆ. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಪಂಚಾಯತಿಯವರು ಬೇವಿನ ಗಿಡದ ತನಕ ಖಡಿ ಹಾಕಿಸಿದ ವರ್ಷ ಎಲ್ಲರೂ, ಇವತ್ತು ಅಲ್ಲಿಯತನಕ ಆಯಿತು, ನಾಳೆ ಇಲ್ಲಿಯತನಕ ಆಗುತ್ತದೆ ಎಂದುಕೊಂಡು ಬುಟ್ಟಿ ಕೆಳಗಿಟ್ಟರು. ಆ ನಾಳೆ ಬರಲಿಲ್ಲ. ಗರಸು ಎಲ್ಲ ಎರೆ ಮಣ್ಣಿನೊಳಗೆ ಇಳಿದುಹೋಯಿತು.

ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರಿಯುತ್ತದೆ, ಮಳೆಯಲ್ಲಿ ಕಾಲಿಗೆ ಹತ್ತಿಕೊಂಡು ಬಿಡುವುದೇ ಇಲ್ಲ. ಬೇವಿನ ಗಿಡ ದಾಟಿದ ಕೂಡಲೇ ಒಂದು ತೆಗ್ಗು ಇದೆ. ಅದರ ಒಂದು ಬದಿಗೆ, ಮೇಲಿನ ಕಡೆ, ಒಬ್ಬ ಹಿರಿಯರ ಹೊಲ. ಅವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಎಪ್ಪತ್ತು ದಾಟಿದ, ಮಾತು ಕಡಿಮೆ ಇರುವ ಮನುಷ್ಯ. ಇನ್ನೊಂದು ಬದಿಗೆ, ಕೆಳಗಿನ ಕಡೆ, ಮನೆಯಿಂದ ದೂರ ಇರುವ ನಮ್ಮ ಇನ್ನೊಂದು ತುಂಡು ಹೊಲ. ಮಳೆ ಬಂದಾಗ ಕಾಕಾನ ಹೊಲದ ನೀರು ಇಳಿದು ಬಂದು ಆ ತೆಗ್ಗಿನಲ್ಲಿ ನಿಲ್ಲುತ್ತಿತ್ತು. ನಾಲ್ಕು ದಿನ ಟ್ರ್ಯಾಕ್ಟರ್ ಓಡಾಡಿದರೆ ಸಾಕು, ಮೊಣಕಾಲುದ್ದ ರಾಡಿ. ಮೋಟರ್ ಸೈಕಲ್ಲನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬರಬೇಕು.

ಪ್ರತಿ ವರ್ಷ ನಾನು ಕಾಕಾನ ಬದುವಿಗೆ ಹೋಗಿ ನಿಂತು ಬೈಯುತ್ತಿದ್ದೆ. "ಕಾಕಾ, ನಿಮ್ಮ ನೀರು ನೀವು ಕಟ್ಟಿಕೊಳ್ರಿ. ನಿಮ್ಮ ಹೊಲದ ರಾಡಿ ನಾವ್ಯಾಕ ತುಳೀಬೇಕು?" ಅವರು ಕುಂಟೆ ನಿಲ್ಲಿಸಿ, ಟೊಪ್ಪಿಗೆ ತೆಗೆದು, ತಲೆ ಕೆರೆದುಕೊಂಡು, "ನೀ ಹೇಳೂದು ಖರೆ ಐತಿ ಯವ್ವಾ, ನೋಡೋಣು," ಎನ್ನುತ್ತಿದ್ದರು. ಆಮೇಲೆ ಎತ್ತುಗಳಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತಿದ್ದರು. ಒಂದು ಮಾತು ಎದುರಾಡುತ್ತಿರಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಇದೆಲ್ಲ ವರ್ಷಕ್ಕೆ ನಾಲ್ಕು ತಿಂಗಳ ಕಾಟ. ಉಳಿದ ಎಂಟು ತಿಂಗಳು ಮರೆತುಬಿಡುತ್ತಿದ್ದೆವು. ಮಗಳ ಕುಬಸದ ದಿನ ಆ ತೆಗ್ಗು ನಮ್ಮ ಮನೆಯೊಳಗೇ ಬಂದು ಕುಳಿತುಕೊಂಡಿತು.

ಮಗಳನ್ನು ಮುನವಳ್ಳಿಗೆ ಕೊಟ್ಟಿದ್ದೇವೆ. ಪ್ಯಾಟಿಯ ಮನೆ, ಬಾಗಿಲ ಮುಂದೆಯೇ ಸಿಮೆಂಟ್ ರಸ್ತೆ. ಒಬ್ಬಳೇ ಮಗಳು, ಚೊಚ್ಚಲ ಬಸಿರು. ಏಳನೆಯ ತಿಂಗಳ ಕುಬಸ ನಮ್ಮ ಮನೆಯಲ್ಲಿ ಮಾಡಿ, ಹಾಗೆಯೇ ಬಾಣಂತನಕ್ಕೆ ಇಟ್ಟುಕೊಳ್ಳುವುದೆಂದು ಮಾತಾಗಿತ್ತು. ಮೇ ತಿಂಗಳು, ಬಿಸಿಲು ಸುಡುತ್ತಿತ್ತು, ದಾರಿ ಒಣಗಿ ಕಲ್ಲಾಗಿತ್ತು. ಬೀಗರ ಕಡೆಯವರು ಕ್ರೂಸರ್ ಗಾಡಿಯಲ್ಲಿ ಬಂದರು. ಅಂಗಳದಲ್ಲಿ ಚಪ್ಪರ, ಐದು ಜನ ಮುತ್ತೈದೆಯರು, ಹಸಿರು ಬಳೆ, ಹೋಳಿಗೆ, ಎಲ್ಲ ಚೆಂದಾಗಿಯೇ ನಡೆಯಿತು. ಊಟ ಮುಗಿಯುವ ಹೊತ್ತಿಗೆ ಮೂಡಲ ಕಡೆಯಿಂದ ಅಡ್ಡಮಳೆ ಎದ್ದಿತು. ಒಂದು ತಾಸು, ಬರೀ ಒಂದು ತಾಸು ಸುರಿಯಿತು.

ಹೊರಟ ಕ್ರೂಸರ್ ತೆಗ್ಗಿನಲ್ಲಿ ಹೂತುಹೋಯಿತು. ಗಂಡಸರು ಇಳಿದು ನೂಕಿದರು, ಹೆಂಗಸರೂ ಇಳಿದರು. ನನ್ನ ಬೀಗತಿ ಇಳಕಲ್ಲ ಸೀರೆಯ ನೆರಿಗೆ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟರು. ಮೂರನೆಯ ಹೆಜ್ಜೆಗೆ ಒಂದು ಚಪ್ಪಲಿ ಒಳಗೇ ಉಳಿಯಿತು. ನಾನು ಬಗ್ಗಿ, ಮೊಣಕೈ ತನಕ ರಾಡಿಯಲ್ಲಿ ಕೈ ಹಾಕಿ ಹುಡುಕಿದೆ. ಸಿಗಲಿಲ್ಲ. ಟ್ರ್ಯಾಕ್ಟರ್ ತಂದು ಕ್ರೂಸರ್ ಎಳೆದು ಬೇವಿನ ಗಿಡದ ಕೆಳಗೆ ನಿಲ್ಲಿಸಿದಾಗ ಬೀಗತಿ ನನ್ನ ಮಗಳನ್ನೂ ಒಳಗೆ ಕೂಡಿಸಿಕೊಂಡರು.

"ತಪ್ಪ ತಿಳ್ಕೋಬ್ಯಾಡ್ರಿ ಬೀಗತ್ಯಾರ," ಎಂದರು. ಧ್ವನಿ ಏರಿಸಲಿಲ್ಲ. "ಹುಡುಗಿ ದಿನ ತುಂಬೂದು ಶ್ರಾವಣದಾಗ. ಬ್ಯಾನಿ ಹತ್ತಿದ ಹೊತ್ತಿನ್ಯಾಗ ಹಿಂಗ ಗಾಡಿ ಸಿಕ್ಕೊಂಡ್ರ ಏನ ಮಾಡ್ತೀರಿ? ಬಾಣಂತನ ನಾವ ಮಾಡ್ತೇವಿ."

"ಚೊಚ್ಚಲ ಹೆರಿಗಿ ತವರಮನಿಯಾಗ ಆಗಬೇಕಲ್ರಿ," ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ಆಗ್ಲಿ. ದಾರಿ ಆದ ಮ್ಯಾಲ ಹೇಳಿ ಕಳಸ್ರಿ, ನಾವ ತಂದ ಬಿಡ್ತೇವಿ."

ಮಗಳು ಕಿಟಕಿಯಿಂದ ನನ್ನನ್ನು ನೋಡುತ್ತಿದ್ದಳು. ಅಳಲಿಲ್ಲ. ಕೈ ತುಂಬ ಹೊಸ ಹಸಿರು ಬಳೆ ಇಟ್ಟುಕೊಂಡು ಮಗಳು ತವರಿನಿಂದ ಹಿಂದಕ್ಕೆ ಹೋದಳು. ಅವತ್ತು ನನಗೆ ಬಾಯಿಯೇ ಬರಲಿಲ್ಲ. ಅತ್ತೆ ಇದ್ದಿದ್ದರೆ ಸಕ್ಕರೆ ಹಂಚುತ್ತಿದ್ದರು.

ಎರಡು ತಿಂಗಳು ಇತ್ತು. ಮರುದಿನವೇ ಪಂಚಾಯತಿಗೆ ಹೋದೆ. ಅಲ್ಲಿಯ ಅಧಿಕಾರಿ ಒಬ್ಬ ಸಣ್ಣ ವಯಸ್ಸಿನ ಹೆಣ್ಣುಮಗಳು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನಾನು ಮೇಜಿನ ಮುಂದೆ ನಿಂತು ದೊಡ್ಡ ಬಾಯಿಯಲ್ಲಿ ಶುರು ಮಾಡಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ನೀರು ಕೊಟ್ಟು, ಕುರ್ಚಿ ತೋರಿಸಿ, "ಕುಂತ್ಕೊಳ್ರಿ ಅಕ್ಕಾರ," ಎಂದಳು. ನಂತರ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಬೇವಿನ ಗಿಡದ ತನಕ ನಮ್ಮ ದಾರಿ. ಅದು ಕೆಟ್ರ ನನ್ನ ಬೈರಿ, ನಾ ಬೈಸ್ಕೊತೇನಿ. ಅಲ್ಲಿಂದ ಮುಂದ ನಿಮ್ಮ ಹೊಲದವರ ದಾರಿ. ನಕಾಶಾದಾಗ ಬಂಡಿ ದಾರಿ ಅಂತ ಐತಿ, ಆದ್ರ ಎಷ್ಟ ಅಗಲ, ಎಲ್ಲಿಂದ ಎಲ್ಲಿಗೆ ಅಂತ ಮೊದಲ ಮೋಜಣಿ ಆಗಬೇಕು. ಯಾರರ ಒತ್ತಿ ಹೊಲಕ್ಕ ಸೇರಿಸ್ಕೊಂಡ ದಾರಿಗೆ ನಾವೇನೂ ಮಾಡಾಕ ಬರೂದಿಲ್ಲ."

"ಒತ್ತಿದಾವ್ರು ಯಾರು ಅಂತ ನನಗ ಗೊತ್ತೈತಿ," ಎಂದೆ.

"ಹಂಗಾರ ಚಲೋನ ಆತಲ್ರಿ," ಎಂದು ಆಕೆ ನಕ್ಕಳು.

ಮೋಜಣಿಯ, ಅಂದರೆ ಅಳತೆಯ, ಅರ್ಜಿ ಕೊಡಲು ಬೈಲಹೊಂಗಲಕ್ಕೆ ಹೋದೆ. ನಮ್ಮ ಮನೆಯವರು ಜೊತೆಗೆ ಬಂದರು, ಆದರೆ ಅವರ ಮುಖದಲ್ಲಿ ಉಮೇದು ಇರಲಿಲ್ಲ. ತಹಶೀಲ್ದಾರ ಕಚೇರಿಯ ಹೊರಗಿನ ಚಹಾದಂಗಡಿಯಲ್ಲಿ ಕುಳಿತಾಗ, "ಮೋಜಣಿ ಬ್ಯಾಡಾಗಿತ್ತ ನೋಡು," ಎಂದರು. ಯಾಕೆ ಎಂದೆ. "ಸುಮ್ನ ಹಿರಿಯಾರ ಜೋಡಿ ಯಾಕ," ಎಂದು ಚಹಾವನ್ನು ಬಸಿತಟ್ಟೆಗೆ ಸುರುವಿ ಕುಡಿದರು. ಮೂವತ್ತು ವರ್ಷ ಜೊತೆಗೆ ಬಾಳಿದರೂ ಆ ಮಾತಿನ ಹಿಂದೆ ಏನೋ ಇದೆ ಎಂದು ನನಗೆ ಹೊಳೆಯಲಿಲ್ಲ. ಕಾಕಾನ ಕಡೆ ಬೊಟ್ಟು ಮಾಡಿ ತೋರಿಸುವ ದಿನವನ್ನೇ ಕಾಯುತ್ತಿದ್ದೆ.

ಮೋಜಣಿಯವರು ಬಂದದ್ದು ಜೂನ್ ಮೊದಲ ವಾರ, ಮುಂಜಾನೆ. ನಾನು ಆರೂ ಮನೆಯವರನ್ನು ಕರೆಸಿದ್ದೆ. ಎಲ್ಲರ ಎದುರಿಗೇ ಆಗಲಿ ಎನ್ನುವುದು ನನ್ನ ಹಟ. ಕಾಕಾ ಒಂದು ಸಲಿಕೆಯನ್ನು ಊರುಗೋಲಿನ ಹಾಗೆ ಹಿಡಿದುಕೊಂಡು ಬಂದು ಬೇವಿನ ಗಿಡದ ನೆರಳಲ್ಲಿ ನಿಂತರು. ಮೋಜಣಿಯವರು ಮೊದಲು ಕಾಕಾನ ಬದಿಯ ಬಾಂದಗಲ್ಲು ಹುಡುಕಿದರು. ಕಲ್ಲು ಎಲ್ಲಿರಬೇಕೋ ಅಲ್ಲೇ ಇತ್ತು. ಅಲ್ಲಿಂದ ದಾರಿಯ ಅಗಲ ಅಳೆದುಕೊಂಡು ನಮ್ಮ ಬದಿಗೆ ಬಂದರು. ಬಂದರು, ಬಂದರು, ದಾರಿ ದಾಟಿದರು, ನಮ್ಮ ಬದು ಹತ್ತಿದರು, ಬದುವನ್ನೂ ದಾಟಿ ನಮ್ಮ ಹೊಲದೊಳಗೆ ನಾಲ್ಕು ಹೆಜ್ಜೆ ಇಟ್ಟು ನಿಂತರು.

"ಗೂಟ ಇಲ್ಲಿ ಹೊಡೀರಿ," ಎಂದರು.

ಗೂಟ ಬಿದ್ದದ್ದು ನನ್ನ ತೊಗರಿಯ ಸಾಲಿನಲ್ಲಿ. ಕೊಯ್ಲಾಗಿ ಉಳಿದ ಒಣ ಕೂಳೆಗಳು ಮೂರು ಸಾಲು ಹಾಗೇ ನಿಂತಿದ್ದವು.

ಆ ಸಾಲುಗಳ ವಿಷಯ ಹೇಳಬೇಕು. ನಮ್ಮ ಕಡೆ ಹೊಲದ ಅಂಚಿಗೆ, ದೊಡ್ಡ ಪೀಕಿನ ಜೊತೆಗೆ, ತೊಗರಿ, ಅಲಸಂದಿ, ಪುಂಡಿ ಎಂದು ಒಂದೆರಡು ಸಾಲು ಬೇರೆ ಹಾಕುತ್ತಾರೆ. ಅದಕ್ಕೆ ಅಕ್ಕಡಿ ಎನ್ನುತ್ತಾರೆ. ಅದು ಮನೆಯ ಹೆಣ್ಣುಮಕ್ಕಳ ಪಾಲು. ಬೀಜ ಹಾಕುವವರು ನಾವು, ಕೊಯ್ಯುವವರು ನಾವು, ಅದನ್ನು ಯಾರಿಗೆ ಕೊಡಬೇಕು ಎನ್ನುವವರೂ ನಾವು. ಗಂಡಸರು ಅದರಲ್ಲಿ ಬಾಯಿ ಹಾಕುವುದಿಲ್ಲ, ಕೈಯಂತೂ ಹಾಕುವುದೇ ಇಲ್ಲ. ದಾರಿಯ ಅಂಚಿಗೆ ಮೊದಲ ಸಾಲು ಹಾಕಿದವರು ನನ್ನ ಅತ್ತೆ. ಅವರು ಹೋದ ಮೇಲೆ ನಾನು ಎರಡನೆಯದು ಹಾಕಿದೆ. ಅಲ್ಲಿ ಒಂದು ತಗ್ಗು ಗೆರೆಯ ಹಾಗಿತ್ತು, ತಂಪು ಹಿಡಿಯುತ್ತಿತ್ತು, ತೊಗರಿ ಆಳುದ್ದ ಬೆಳೆಯಿತು. ಮಗಳ ಮದುವೆಯಾದ ವರ್ಷ ಮೂರನೆಯ ಸಾಲು ಹಾಕಿದೆ, ಅವಳ ಮನೆಗೆ ವರ್ಷದ ಬೇಳೆ ಕಳಿಸಲೆಂದು. ಮಣ್ಣು ಏರಿಸಿ ಏರಿಸಿ ಬದುವನ್ನೂ ಎತ್ತರ ಮಾಡಿದೆ.

ಮೋಜಣಿಯವರು ಕಾಗದ ನೋಡಿ, "ಈ ಮೂರೂ ಸಾಲು ದಾರಿಯೊಳಗ ಬರ್ತಾವ್ರಿ," ಎಂದರು.

ನಮ್ಮ ಮನೆಯವರು ಬೇವಿನ ಗಿಡದ ಮೇಲೆ ಏನೋ ಹಕ್ಕಿ ಇದೆ ಎನ್ನುವ ಹಾಗೆ ಮೇಲೆ ನೋಡುತ್ತಿದ್ದರು. ಅವರಿಗೆ ಗೊತ್ತಿತ್ತು. ಆಗ ಕಾಕಾ ನಿಧಾನಕ್ಕೆ ಬಂದು, ನನ್ನ ಕಡೆ ನೋಡಿ, "ಅಗೀಲೇನ ಯವ್ವಾ?" ಎಂದು ಕೇಳಿದರು. ನಾನು ಹೂಂ ಎಂದೆನೋ ತಲೆ ಆಡಿಸಿದೆನೋ ನೆನಪಿಲ್ಲ. ಅವರು ಕೂಳೆಯ ಬುಡಕ್ಕೆ ಸಲಿಕೆ ಹಾಕಿ ಎರಡು ಗೇಣು ಮಣ್ಣು ತೆಗೆದರು. ಸಲಿಕೆಗೆ ಕಲ್ಲು ತಾಗಿತು. ಕೈಯಿಂದ ಮಣ್ಣು ಸರಿಸಿದರು. ಸಾಲಾಗಿ ಹಾಸಿದ ಪರಸಿ ಕಲ್ಲುಗಳು.

"ನಿಮ್ಮ ಮಾವ ಹಾಸಿದ್ದು," ಎಂದರು. "ನಾನೂ ಕಲ್ಲ ಹೊತ್ತೇನಿ. ಮ್ಯಾಲಿನ ಹೊಲದ ನೀರೆಲ್ಲ ದಾರಿ ದಾಟಿ ಈ ಗಟಾರಕ್ಕ ಬಿದ್ದು, ಬೇವಿನ ಗಿಡದ ಬಾಜೂಕ ಹಾದು ಹಳ್ಳಕ್ಕ ಹೋಗ್ತಿತ್ತು. ಇಳಿಜಾರ ಹೊಲದ ನೀರ ಇಳೀಲಿಕ್ಕೇ ಬೇಕಲ್ಲ. ಎಲ್ಲಿಗೆ ಹೋಗಬೇಕದು?"

ಎಲ್ಲಿಗೆ ಹೋಗಬೇಕು. ನನ್ನ ತೊಗರಿಗೆಂದು ನಾನು ಏರಿಸಿದ ಬದುವಿಗೆ ಡಿಕ್ಕಿ ಹೊಡೆದು, ಹಿಂದಕ್ಕೆ ಹೊರಳಿ ದಾರಿಯಲ್ಲೇ ನಿಲ್ಲುತ್ತಿತ್ತು. ಹತ್ತು ವರ್ಷ ನಾನು ಬೈದದ್ದು ನನ್ನದೇ ಕೈಕೆಲಸವನ್ನು. ಮಗಳಿಗೆಂದು ಹಾಕಿದ ಮೂರನೆಯ ಸಾಲೇ ಮಗಳನ್ನು ತವರಿಗೆ ಬರದ ಹಾಗೆ ಮಾಡಿತ್ತು. ಇನ್ನು ಮುನವಳ್ಳಿಯ ಬೀಗತಿ ಪ್ರತಿ ವರ್ಷ, "ನಿಮ್ಮ ಬ್ಯಾಳಿ ಭಾರಿ ಕುದೀತೈತ್ರಿ," ಎಂದು ಹೊಗಳುತ್ತಿದ್ದರು. ಪಾಪ, ಅವರು ನಮ್ಮ ಗಟಾರವನ್ನೇ ಸಾರು ಮಾಡಿ ಉಣ್ಣುತ್ತಿದ್ದರು.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಾಚಿಕೆಯಾದಾಗಲೂ ನನಗೆ ಬರುವುದು ಸಿಟ್ಟೇ. "ಕಾಕಾ, ಇಷ್ಟ ವರ್ಷ ನಾ ಬಾಯಿಗೆ ಬಂದಂಗ ಅಂದೇನಿ. ಒಂದ ಮಾತ ಹೇಳಾಕ ಆಗಲಿಲ್ಲೇನು ನಿಮಗ?" ಎಂದು ಕೇಳಿದೆ.

ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಹೆಣ್ಣಮಕ್ಕಳ ಅಕ್ಕಡಿ ಸಾಲು, ಯವ್ವಾ. ಅದನ್ನ ಕೀಳಂತ ಯಾವ ಬಾಯಿಲೆ ಹೇಳ್ಲಿ? ನಿಮ್ಮತ್ತಿ ಇದ್ದಾಗೂ ಹೇಳಲಿಲ್ಲ."

ನಮ್ಮ ಮನೆಯವರ ಕಡೆ ತಿರುಗಿದೆ. ಅವರು ಹಕ್ಕಿ ನೋಡುವುದನ್ನು ಬಿಟ್ಟು, "ನಾನೂ ಹಂಗ," ಎಂದರು.

ಮೋಜಣಿಯವರು ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆದರೆ ಎದೆಯೊಳಗೆ ಏನೋ ಸಡಿಲಾಯಿತು, ಅದನ್ನು ಮುಚ್ಚಿಡುವುದು ಯಾಕೆ? ಕಾಕಾನ ತಪ್ಪಾಗಿದ್ದರೆ ನಾನು ಅವರನ್ನು ಒಪ್ಪಿಸಬೇಕಿತ್ತು, ಕಚೇರಿಗೆ ಅಲೆಯಬೇಕಿತ್ತು, ಶ್ರಾವಣ ಕಳೆದು ದೀಪಾವಳಿ ಬಂದರೂ ಮುಗಿಯುತ್ತಿರಲಿಲ್ಲ. ತಪ್ಪು ನನ್ನದೇ ಆದದ್ದರಿಂದ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಕಾಕಾನ ಕೈಯಿಂದ ಸಲಿಕೆ ಇಸಿದುಕೊಂಡು ಅಲ್ಲೇ ಮೊದಲ ಕೂಳೆ ಕಿತ್ತೆ.

ಬದು ಕೆಡವಿ ಗಟಾರ ತೆರೆಯಲು ಐದು ದಿನ ಹಿಡಿಯಿತು. ಮಾವ ಹಾಸಿದ ಪರಸಿ ಅರ್ಧಕ್ಕರ್ಧ ಗಟ್ಟಿಯಾಗಿತ್ತು. ಒಡೆದ ಕಲ್ಲಿನ ಜಾಗಕ್ಕೆ ಕಾಕಾ ತಮ್ಮ ಹೊಲದ ಮೂಲೆಯಲ್ಲಿ ಬಿದ್ದಿದ್ದ ಕಲ್ಲುಗಳನ್ನು ಉರುಳಿಸಿಕೊಂಡು ಬಂದರು. ನಾನು ಬೇಡ ಎಂದೆ, ನಮ್ಮ ಪಾಲಿನ ಕೆಲಸ, ನಾವೇ ಮಾಡುತ್ತೇವೆ ಎಂದೆ. "ನೀರು ನಂದಲ್ಲೇನ?" ಎಂದು ಕೇಳಿದರು. ನೀರು ನಿಮ್ಮದು ಎಂದು ಹತ್ತು ವರ್ಷ ಕಿರುಚಿದವಳು ನಾನೇ.

ಉಳಿದ ನಾಲ್ಕು ಮನೆಯವರಿಗೆ ಹೇಳುವ ಕೆಲಸ ಬಾಕಿ ಇತ್ತು. ಹಿಂದಿನ ಹಾಗೆ ಬೈದು ಹೇಳಲು ಈಗ ಮುಖವಿರಲಿಲ್ಲ. ಮನೆ ಮನೆಗೆ ಹೋಗಿ, "ನಮ್ಮ ಅಕ್ಕಡಿ ಕಿತ್ತೇವ್ರಿ, ಗಟಾರ ತೆಗದೇವಿ. ನಮ್ಮ ಹೊಲದ ಮುಂದ ಎರಡ ಟ್ರಾಲಿ ಗರಸು ಹಾಕಸಾಕತ್ತೇವಿ," ಎಂದಷ್ಟೇ ಹೇಳಿ ಚಹಾ ಕುಡಿದು ಬಂದೆ. ನೀವೂ ಹಾಕಿಸಿ ಎನ್ನಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಳ್ಳಲು ಎಷ್ಟು ಕಷ್ಟವಾಯಿತೆಂದು ನನಗೊಬ್ಬಳಿಗೇ ಗೊತ್ತು. ಮೂರು ಮನೆಯವರು ಆ ವಾರವೇ ತಮ್ಮ ತಮ್ಮ ಹೊಲದ ಮುಂದೆ ಗರಸು ಇಳಿಸಿದರು. ನಾಲ್ಕನೆಯವರು ಸುಮ್ಮನಿದ್ದರು. ನಡುವೆ ಒಂದು ತುಂಡು ದಾರಿ ಕಪ್ಪಗೆ, ಎರಡೂ ಬದಿಗೆ ಕೆಂಪಗೆ, ನೋಡಿದವರೆಲ್ಲ ಆ ಹೊಲದ ಯಜಮಾನರನ್ನು ಕೇಳುವಂತಾಯಿತು. ಹತ್ತನೆಯ ದಿನ ಅವರೂ ಹಾಕಿಸಿದರು.

ಪಂಚಾಯತಿಯ ಆ ಹೆಣ್ಣುಮಗಳು ನೋಡಲು ಬಂದಳು. ಗಟಾರದ ನೀರು ಹಳ್ಳಕ್ಕೆ ಸೇರಬೇಕಾದರೆ ಬೇವಿನ ಗಿಡದ ಹತ್ತಿರ ಪಂಚಾಯತಿಯ ದಾರಿಯ ಕೆಳಗೆ ಹಾಯಬೇಕು. ಅಲ್ಲಿ ಹಳೆಯ ಕಲ್ಲಿನ ಮೋರಿ ಹೂಳು ತುಂಬಿ ಮುಚ್ಚಿಹೋಗಿತ್ತು. "ಇದು ನಮ್ಮ ಪಾಲಿಂದು," ಎಂದು ತಾನೇ ಹೇಳಿ, ಹದಿನೈದು ದಿನದೊಳಗೆ ದೊಡ್ಡ ಸಿಮೆಂಟ್ ಪೈಪು ಹಾಕಿಸಿದಳು. ಹೋಗುವಾಗ, "ಒತ್ತಿದಾವ್ರು ಸಿಕ್ರೇನ್ರಿ ಅಕ್ಕಾರ?" ಎಂದು ಕೇಳಿದಳು. ನಮ್ಮ ಮನೆಯವರು ನನಗಿಂತ ಮೊದಲು, "ಸಿಕ್ರು," ಎಂದುಬಿಟ್ಟರು.

ಇಷ್ಟಾದ ಮೇಲೆ ಮುನವಳ್ಳಿಗೆ ವಿಡಿಯೋ ಕಾಲ್ ಮಾಡಿದೆ. ಮನೆಯವರು ಮೊಬೈಲ್ ಹಿಡಿದುಕೊಂಡು ಬೇವಿನ ಗಿಡದಿಂದ ಅಂಗಳದವರೆಗೆ ನಡೆದರು, ನಾನು ಹಿಂದೆ ಹಿಂದೆ ವಿವರಿಸುತ್ತ ನಡೆದೆ. ಬೀಗತಿ ಪೂರ್ತಿ ನೋಡಿ, "ಭಾಳ ಚಲೋ ಆಗೈತ್ರಿ," ಎಂದರು. ನಂತರ, "ಒಂದ ಸಲ ಮಳಿ ಆದ ಮ್ಯಾಲ ತೋರಸ್ರಿ," ಎಂದರು.

ಮೊದಲಾಗಿದ್ದರೆ ಮೊಬೈಲನ್ನು ಗಟಾರಕ್ಕೆ ಎಸೆಯುತ್ತಿದ್ದೆ. ಈ ಸಲ ಅವರ ಮಾತು ಸರಿ ಎನ್ನಿಸಿತು. ಆಕೆ ಚಪ್ಪಲಿ ಕಳೆದುಕೊಂಡವರು.

ಮಳೆ ಹನ್ನೆರಡು ದಿನ ಕಾಯಿಸಿತು. ಬಂದದ್ದು ಒಂದು ಮಧ್ಯಾಹ್ನ, ರೊಟ್ಟಿ ಬಡಿಯುತ್ತಿದ್ದೆ. ಹೆಂಚಿನ ಮೇಲಿನ ರೊಟ್ಟಿಯನ್ನು ಅಲ್ಲೇ ಬಿಟ್ಟು, ಒಲೆ ಆರಿಸಿ, ಕೊಡೆ ಹಿಡಿದುಕೊಂಡು ಓಡಿದೆ. ಕಾಕಾನ ಹೊಲದಿಂದ ರಾಡಿ ನೀರು ಇಳಿಯುತ್ತಿತ್ತು. ದಾರಿಗೆ ಬಂತು. ಗರಸಿನ ಮೇಲೆ ಅಡ್ಡ ಹಾಯ್ದು, ಒಂದು ಕ್ಷಣ ಅಂಚಿಗೆ ನಿಂತ ಹಾಗೆ ಮಾಡಿ, ಗಟಾರಕ್ಕೆ ಧುಮುಕಿತು. ಪರಸಿಯ ಮೇಲೆ ಹರಿಯಿತು. ನಾನು ಅದರ ಜೊತೆಗೇ ಬೇವಿನ ಗಿಡದ ತನಕ ನಡೆದೆ. ಪೈಪಿನ ಒಳಗೆ ಹೋಗಿ ಆಚೆ ಬದಿಗೆ ಗುಡುಗುಡು ಎಂದು ಹಳ್ಳಕ್ಕೆ ಬಿತ್ತು. ಕೊಡೆ ಯಾವಾಗ ಮುಚ್ಚಿಕೊಂಡಿತೋ ಗೊತ್ತಿಲ್ಲ, ಪೂರ್ತಿ ತೊಯ್ದಿದ್ದೆ. ಆ ಮಳೆಯಲ್ಲಿ ನಿಂತು ಒಬ್ಬಳೇ ನಕ್ಕೆ. ಅಷ್ಟು ಸಮಾಧಾನ ನನಗೆ ಮಗಳ ಮದುವೆ ಸುಸೂತ್ರವಾಗಿ ಮುಗಿದ ದಿನವೂ ಆಗಿರಲಿಲ್ಲ.

ಮರುದಿನ ಮತ್ತೆ ವಿಡಿಯೋ ಕಾಲ್. ಅದರ ಮರುದಿನ ಮಗಳು ಬಂದಳು. ಬೀಗತಿಯೇ ಬಂದು ಬಿಟ್ಟುಹೋದರು. ಅಂಗಳದಲ್ಲಿ ಇಳಿದು ಒಂದು ಸಲ ತಮ್ಮ ಪಾದ ನೋಡಿಕೊಂಡರು, ಒಂದು ಸಲ ನನ್ನನ್ನು ನೋಡಿದರು. ಇಬ್ಬರೂ ಆ ಚಪ್ಪಲಿಯ ಸುದ್ದಿ ಎತ್ತಲಿಲ್ಲ. ಅದು ಗರಸು ಹಾಕಲು ತೆಗ್ಗು ಕೆರೆಯುವಾಗ ಸಿಕ್ಕಿತ್ತು, ಆದರೆ ಆ ಸ್ಥಿತಿಯಲ್ಲಿ ಅದನ್ನು ಮರಳಿ ಕೊಡುವುದು ಚೆನ್ನಾಗಿರುತ್ತಿರಲಿಲ್ಲ.

ಶ್ರಾವಣದಲ್ಲಿ ಮಳೆ ಹಿಡಿದುಕೊಂಡಿತು. ಮೂರು ದಿನ ಮೂರು ರಾತ್ರಿ ಬಿಡಲಿಲ್ಲ. ನಾಲ್ಕನೆಯ ದಿನ ಮುಂಜಾನೆ, ಎಮ್ಮೆ ಹಿಂಡಿ ಬಂದು ಹಾಲು ಕಾಯಿಸಲು ಇಟ್ಟಿದ್ದೆ, ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತು, "ಯವ್ವಾ, ಶುರು ಆಗೈತಿ ಅನಸ್ತೈತಿ," ಎಂದಳು. ಮನೆಯವರು ಆಂಬುಲೆನ್ಸಿಗೆ ಫೋನ್ ಮಾಡಿದರು. ಹೊರಗೆ ಆಕಾಶ ಕಾಣದ ಹಾಗೆ ಸುರಿಯುತ್ತಿತ್ತು. ಗಟಾರ ಮೊದಲ ಮಳೆಯನ್ನೇನೋ ತಾಳಿಕೊಂಡಿತ್ತು. ಮೂರು ದಿನದ ಮಳೆಗೆ? ಕಸಕಡ್ಡಿ ಕೊಚ್ಚಿಕೊಂಡು ಬಂದು ಎಲ್ಲಾದರೂ ಕಟ್ಟಿಕೊಂಡರೆ? ಬೀಗತಿಯ ಮಾತು ಕಿವಿಯಲ್ಲಿತ್ತು. ಮಗಳನ್ನು ಹಟ ಮಾಡಿ ಕರೆಸಿಕೊಂಡವಳು ನಾನು.

ಆಂಬುಲೆನ್ಸ್ ಅಂಗಳಕ್ಕೇ ಬಂದು ನಿಂತಿತು. ಅದನ್ನು ನೋಡಿಯೂ ನನಗೆ ಧೈರ್ಯ ಬರಲಿಲ್ಲ. ಖಾಲಿ ಗಾಡಿ ಬರುವುದು ಬೇರೆ, ತುಂಬಿದ ಗಾಡಿ ಹೋಗುವುದು ಬೇರೆ. ಮಗಳನ್ನು ಮಲಗಿಸಿ ಪಕ್ಕಕ್ಕೆ ಕುಳಿತು ಅವಳ ಕೈ ಹಿಡಿದುಕೊಂಡೆ. ಗಾಡಿ ಹೊರಟಿತು. ಕಿಟಕಿಯ ಗಾಜಿನ ಮೇಲೆ ನೀರು ಹರಿಯುತ್ತಿತ್ತು. ಸೆರಗಿನಿಂದ ಒರೆಸಿ ಹೊರಗೆ ನೋಡಿದೆ.

ಬೇವಿನ ಗಿಡ ಇನ್ನೂ ಸ್ವಲ್ಪ ದೂರ ಇತ್ತು. ಗಟಾರದೊಳಗೆ ಯಾರೋ ನಿಂತಿದ್ದರು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಮೊಣಕಾಲ ತನಕ ನೀರು, ಕೈಯಲ್ಲಿ ಸಲಿಕೆ. ಕಾಕಾ. ಕೊಚ್ಚಿಕೊಂಡು ಬಂದ ಸೋಗೆ, ಕಸ, ಹುಲ್ಲನ್ನು ಎತ್ತಿ ಎತ್ತಿ ಬದಿಗೆ ಒಗೆಯುತ್ತಿದ್ದರು. ಬದಿಗೆ ಬಿದ್ದ ಕಸದ ರಾಶಿ ಸೊಂಟದೆತ್ತರ ಇತ್ತು, ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ನಿಂತದ್ದು ಅವರ ಪಾಲಿನ ದಾರಿಯಲ್ಲಲ್ಲ. ನಮ್ಮ ಪಾಲಿನಲ್ಲಿ, ನನ್ನ ತೊಗರಿ ಇದ್ದ ಜಾಗದಲ್ಲಿ. ಗಾಡಿ ನೋಡಿ ಸಲಿಕೆ ಎತ್ತಿ, ನಡೀಲಿ ನಡೀಲಿ ಎನ್ನುವ ಹಾಗೆ ಕೈ ಮಾಡಿದರು. ನನ್ನನ್ನು ಕಂಡರೋ ಇಲ್ಲವೋ. ನಾನು ಒಳಗಿನಿಂದಲೇ ಗಾಜಿಗೆ ಅಂಗೈ ಹಚ್ಚಿದೆ.

ಈಗ ತೆಗ್ಗು ಬರುತ್ತದೆ. ಕಣ್ಣು ಮುಚ್ಚಿದೆ. ಮಗಳ ಕೈಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಗಾಡಿ ಕುಸಿಯುವ ಆ ಜೋರು ದಡಕಿಗೆ ಕಾದೆ. ಮೂವತ್ತು ವರ್ಷ ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಮೋಟರ್ ಸೈಕಲ್ಲಿನ ಹಿಂದೆ ಕುಳಿತು ಆ ದಡಕಿ ನನ್ನ ಸೊಂಟಕ್ಕೆ ಪರಿಚಯ. ಕಾದೆ. ಇನ್ನೂ ಕಾದೆ. ಚಾಲಕ ನಿಧಾನವಾಗಿ ಬಿಡುತ್ತಿದ್ದಾನೇನೋ ಎಂದುಕೊಂಡೆ.

"ಬೇವಿನ ಗಿಡ ಬಂತೇನ್ರಿ?" ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದೆ.

"ಯಾವ ಬೇವಿನ ಗಿಡಾರಿ?" ಎಂದ ಚಾಲಕ. "ಆಗಲೇ ಡಾಂಬರಿಗೆ ಬಂದೇವಲ್ರಿ ಅಕ್ಕಾರ."

ಮೊಮ್ಮಗಳು ಹುಟ್ಟಿದ್ದು ಅವತ್ತು ಮಧ್ಯಾಹ್ನ, ಬೈಲಹೊಂಗಲದಲ್ಲಿ, ಸುಖವಾಗಿ. ಆದರೆ ನನ್ನ ಜೀವ ಹಗುರಾದದ್ದು ಅದಕ್ಕೂ ಮೊದಲು, ಆ ಡಾಂಬರಿನ ಮೇಲೆ. ದುಃಖ ಉಕ್ಕಿ ಬಂದ ಹಾಗೆ ಅಳು ಬಂತು, ಸೆರಗು ಬಾಯಿಗೆ ಇಟ್ಟುಕೊಳ್ಳಲು ಕೈಯೇ ಖಾಲಿ ಇರಲಿಲ್ಲ. ಮಲಗಿದ್ದ ಮಗಳು ಒಂದು ಬ್ಯಾನಿ ಮುಗಿದು ಇನ್ನೊಂದು ಬರುವ ನಡುವೆ ಉಸಿರು ತೆಗೆದುಕೊಂಡು ನನ್ನ ಕಡೆ ನೋಡಿದಳು.

"ಯವ್ವಾ," ಎಂದಳು, "ಇನ್ನಾರ ನನ್ನ ಕೈ ಬಿಡು. ಹಸರ ಬಳಿ ಒಡದಾವು."